ಕಣ್ಣಿನ ಮೂಲೆಯಲ್ಲಿ ಬೆಳೆಯುವ ಮಾಂಸ: ಎಲ್ಲಿಯವರೆಗೆ ಕಾಯಬಹುದು, ಯಾವಾಗ ತೆಗೆಸಬೇಕು

ಮೂಗಿನ ಕಡೆಯ ಬಿಳಿಗುಡ್ಡೆಯ ಮೇಲೆ ಗುಲಾಬಿ ಬಣ್ಣದ ಒಂದು ಪದರ. ಅದರಲ್ಲಿ ಸಣ್ಣ ಸಣ್ಣ ರಕ್ತನಾಳಗಳು. ಬುಡ ಅಗಲವಾಗಿ, ತುದಿ ಕಿರಿದಾಗಿ, ಕರಿಗುಡ್ಡೆಯ ಅಂಚನ್ನು ದಾಟಿ ಒಳಗೆ ಬಂದಿರುತ್ತದೆ. ‘ಕಣ್ಣಲ್ಲಿ ಮಾಂಸ ಬೆಳೆದಿದೆ’ ಎಂದು ಮನೆಯವರು ಹೇಳುತ್ತಾರೆ. ಡಾಕ್ಟರು ಇದನ್ನು ಟೆರಿಜಿಯಂ ಎನ್ನುತ್ತಾರೆ.

ಇದನ್ನು ಕಂಡ ಕೂಡಲೇ ಕೆಲವರು ಕ್ಯಾನ್ಸರ್ ಎಂದು ಹೆದರಿ ನಿದ್ದೆಗೆಡುತ್ತಾರೆ. ಇನ್ನು ಕೆಲವರು ನೋವಿಲ್ಲವಲ್ಲ ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಎರಡೂ ಬೇಡ. ಟೆರಿಜಿಯಂ ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಸಾಮಾನ್ಯವಾಗಿ ತುಂಬಾ ನಿಧಾನವಾಗಿ ಬೆಳೆಯುತ್ತದೆ. ಎಷ್ಟೋ ಜನರಲ್ಲಿ ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅವಸರದ ಆಪರೇಷನ್ ಬೇಡ ಎನ್ನುವುದು ನನ್ನ ಮೊದಲ ಮಾತು. ಆಪರೇಷನ್ ಬೇಕೇ ಬೇಕು ಎಂದಾದರೆ, ಮಾಂಸ ತೆಗೆದ ಜಾಗವನ್ನು ಯಾವುದರಿಂದ ಮುಚ್ಚುತ್ತಾರೆ ಎಂದು ಕೇಳದೆ ಒಪ್ಪಬೇಡಿ ಎನ್ನುವುದು ಎರಡನೆಯದು. ಈ ಬೆಳವಣಿಗೆ ಮತ್ತೆ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಆ ಒಂದು ವಿಷಯದ ಮೇಲೆ ನಿಂತಿದೆ.

ಮೊದಲು, ಇದು ಹೇಗೆ ಬೆಳೆಯುತ್ತದೆ

ಬಿಳಿಗುಡ್ಡೆಯ ಮೇಲೆ ಕಂಜಂಕ್ಟೈವಾ ಎಂಬ ತೆಳುವಾದ ಪೊರೆ ಇದೆ. ಕರಿಗುಡ್ಡೆಯ ಮುಂದೆ ಕಾರ್ನಿಯಾ ಎಂಬ ಪಾರದರ್ಶಕ ಪದರ ಇದೆ. ಇವೆರಡೂ ಸೇರುವ ಗಡಿಯಲ್ಲಿ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇರುತ್ತವೆ. ಕಾರ್ನಿಯಾದ ಮೇಲ್ಪದರವನ್ನು ಹೊಸದಾಗಿ ಕಟ್ಟುತ್ತಾ ಇರುವುದು ಅವುಗಳ ಕೆಲಸ. ಬಿಳಿಗುಡ್ಡೆಯ ಪೊರೆ ಈ ಕಡೆ ನುಗ್ಗದಂತೆ ತಡೆಯುವುದೂ ಅವೇ. ವರ್ಷಾನುಗಟ್ಟಲೆ ಬಿಸಿಲಿನ ನೇರಳಾತೀತ (ಯುವಿ) ಕಿರಣಗಳು ಬಿದ್ದು ಈ ಕೋಶಗಳು ಹಾಳಾದಾಗ ಕಾವಲು ಸಡಿಲವಾಗುತ್ತದೆ. ಆಗ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹತ್ತುತ್ತದೆ. ಧೂಳು, ಗಾಳಿ, ಒಣ ಹವೆ ಕಣ್ಣನ್ನು ಕೆರಳಿಸಿ ಇದಕ್ಕೆ ಜೊತೆಯಾಗುತ್ತವೆ.

ಹೆಚ್ಚಿನವರಿಗೆ ಮೂಗಿನ ಕಡೆಯೇ ಯಾಕೆ ಬರುತ್ತದೆ? ಆಸ್ಟ್ರೇಲಿಯಾದ ಕಣ್ಣಿನ ತಜ್ಞ ಮಿನಾಸ್ ಕೊರೊನಿಯೊ 1990ರ ದಶಕದಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಕಿವಿಯ ಕಡೆಯಿಂದ ಓರೆಯಾಗಿ ಬರುವ ಬೆಳಕನ್ನು ಕಾರ್ನಿಯಾ ಬಾಗಿಸಿ, ಎದುರು ಬದಿಯಲ್ಲಿ, ಅಂದರೆ ಮೂಗಿನ ಕಡೆಯ ಗಡಿಯಲ್ಲಿ ಕೂಡಿಸುತ್ತದೆ. ಅಲ್ಲಿ ಬೆಳಕಿನ ತೀವ್ರತೆ ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು ಅವರ ಲೆಕ್ಕ. ಇದನ್ನು ನೆನಪಿಡಿ. ಕನ್ನಡಕ ಆರಿಸುವಾಗ ಇದೇ ವಿಷಯ ಕೆಲಸಕ್ಕೆ ಬರುತ್ತದೆ.

ಭೂಮಧ್ಯರೇಖೆಯ ಹತ್ತಿರದ ನಾಡುಗಳಲ್ಲಿ ಇದು ಜಾಸ್ತಿ. ಹೊಲ, ಸಮುದ್ರ, ರಸ್ತೆ, ಕಟ್ಟಡದ ಕೆಲಸ ಹೀಗೆ ದಿನವಿಡೀ ಹೊರಗೆ ಇರುವವರಲ್ಲಿ ಹೆಚ್ಚು ಕಾಣುತ್ತದೆ. ಕೆಲವು ಮನೆತನಗಳಲ್ಲಿ ಹಲವರಿಗೆ ಬರುವುದೂ ಇದೆ. ಚಿಕ್ಕ ಮಕ್ಕಳಲ್ಲಿ ತೀರಾ ಅಪರೂಪ.

ಹೆಜ್ಜೆ 1: ಇದು ಟೆರಿಜಿಯಂ ಹೌದಾ ಎಂದು ಗೊತ್ತುಮಾಡಿಕೊಳ್ಳಿ

ಕೊನೆಯ ತೀರ್ಮಾನ ಡಾಕ್ಟರದ್ದೇ. ಆದರೂ ಕಣ್ಣಿನ ಮೇಲೆ ಕಾಣುವ ಬೇರೆ ಬೇರೆ ಗಂಟುಗಳ ಬಗ್ಗೆ ಸ್ವಲ್ಪ ತಿಳಿದಿದ್ದರೆ ಎಷ್ಟು ಬೇಗ ಹೋಗಬೇಕು ಎಂಬುದು ಗೊತ್ತಾಗುತ್ತದೆ.

ಬಿಳಿಗುಡ್ಡೆಯ ಮೇಲೆ ಹಳದಿ ಬಣ್ಣದ ಸಣ್ಣ ಉಬ್ಬು ಇದ್ದು ಅದು ಕರಿಗುಡ್ಡೆಯ ಗಡಿ ದಾಟಿಲ್ಲ ಅಂದರೆ, ಅದು ಪಿಂಗ್ವೆಕ್ಯುಲಾ ಇರಬಹುದು. ಇದೂ ಬಿಸಿಲಿನದೇ ಕೊಡುಗೆ. ಮಧ್ಯವಯಸ್ಸು ದಾಟಿದ ಎಷ್ಟೋ ಜನರಿಗೆ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಕೆಂಪಾಗುವುದು ಬಿಟ್ಟರೆ ತೊಂದರೆ ಕಡಿಮೆ, ತೆಗೆಸುವ ಅಗತ್ಯ ಬಹಳ ಅಪರೂಪ.

ಹಿರಿಯರು ‘ಕಣ್ಣಿಗೆ ಪೊರೆ ಬಂದಿದೆ’ ಎನ್ನುವುದು ಸಾಮಾನ್ಯವಾಗಿ ಕ್ಯಾಟರಾಕ್ಟ್‌ಗೆ. ಅದು ಕಣ್ಣಿನ ಒಳಗಿನ ಮಸೂರ ಮಂಜಾಗುವುದು. ಹೊರಗೆ ಬೆಳೆಯುವ ಈ ಮಾಂಸಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದೇ ಕಣ್ಣಿಗೆ ಎರಡೂ ಇರಬಹುದು, ಅದರ ಮಾತು ಮುಂದೆ ಬರುತ್ತದೆ.

ಸುಣ್ಣ, ಆಸಿಡ್, ಬೆಂಕಿ ಅಥವಾ ಪೆಟ್ಟು ತಗುಲಿದ ಕಣ್ಣಿನಲ್ಲಿ ಗಾಯ ಮಾಯುವಾಗ ಪೊರೆ ಕಾರ್ನಿಯಾಗೆ ಅಂಟಿಕೊಳ್ಳುತ್ತದೆ. ನೋಡಲು ಟೆರಿಜಿಯಂ ಥರವೇ ಇರುತ್ತದೆ, ಆದರೆ ಮೇಲೆ, ಕೆಳಗೆ, ಯಾವ ದಿಕ್ಕಿನಲ್ಲಾದರೂ ಬರಬಹುದು. ಹಳೆಯ ಗಾಯದ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳಿ, ಎಷ್ಟೇ ವರ್ಷ ಆಗಿದ್ದರೂ.

ಇನ್ನು ನಿಜವಾಗಿ ಎಚ್ಚರ ಬೇಕಾದದ್ದು. ಕಣ್ಣಿನ ಮೇಲ್ಮೈಗೆ ಕ್ಯಾನ್ಸರ್ ಬರುವುದು ಅಪರೂಪ, ಆದರೆ ಬರುತ್ತದೆ. ಶುರುವಿನಲ್ಲಿ ಟೆರಿಜಿಯಂ ಥರ ಕಂಡು ಮೋಸ ಮಾಡುವುದೂ ಉಂಟು. ಬೆಳವಣಿಗೆ ವಾರಗಳಲ್ಲಿ, ಕೆಲವೇ ತಿಂಗಳಲ್ಲಿ ದೊಡ್ಡದಾಗುತ್ತಿದ್ದರೆ ಕಾಯಬೇಡಿ. ಮೇಲ್ಭಾಗ ಬೆಳ್ಳಗೆ ಗಡಸಾಗಿದ್ದರೆ, ಲೋಳೆಯಂತೆ ಉಬ್ಬಿದ್ದರೆ, ಗಂಟುಗಂಟಾಗಿದ್ದರೆ ಕಾಯಬೇಡಿ. ದಪ್ಪ ರಕ್ತನಾಳವೊಂದು ನೇರ ಆ ಗಂಟಿಗೇ ಹೋಗುತ್ತಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ, ಕಪ್ಪು ಅಥವಾ ಕಂದು ಚುಕ್ಕೆ ಹೊಸದಾಗಿ ಹುಟ್ಟಿದ್ದರೆ, ಹಳೆಯ ಚುಕ್ಕೆ ದೊಡ್ಡದಾಗುತ್ತಿದ್ದರೆ ಆ ವಾರವೇ ಕಣ್ಣಿನ ತಜ್ಞರಿಗೆ ತೋರಿಸಿ. ಎಚ್‌ಐವಿ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು ಈ ಲಕ್ಷಣಗಳನ್ನು ಇನ್ನೂ ಹಗುರವಾಗಿ ನೋಡಬಾರದು.

ಹೆಜ್ಜೆ 2: ಫೋಟೋ ತೆಗೆದಿಡಿ

ಮೊಬೈಲ್ ಇದ್ದರೆ ಸಾಕು. ಇದು ಚಿಕ್ಕ ಕೆಲಸ, ಉಪಯೋಗ ಮಾತ್ರ ದೊಡ್ಡದು. ನಿಧಾನವಾಗಿ ಬೆಳೆಯುವುದನ್ನು ದಿನಾ ಕನ್ನಡಿಯಲ್ಲಿ ನೋಡುವ ಕಣ್ಣು ಗುರುತಿಸುವುದಿಲ್ಲ. ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ಕೂತು ಬೇರೆಯವರಿಂದ ತೆಗೆಸಿ. ಫ್ಲ್ಯಾಶ್ ಬೇಡ. ನೇರ ನೋಡುತ್ತಾ ಒಂದು ಫೋಟೋ, ಅದೇ ಬದಿಯ ಕಿವಿಯ ಕಡೆ ಕಣ್ಣು ತಿರುಗಿಸಿ ಇನ್ನೊಂದು. ಎರಡನೆಯದರಲ್ಲಿ ಮೂಗಿನ ಕಡೆಯ ಬೆಳವಣಿಗೆ ಪೂರ್ತಿ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ದೂರದಲ್ಲಿ ತೆಗೆಸಿದರೆ ಹೋಲಿಸುವುದು ಸುಲಭ.

ಹೋಲಿಸುವಾಗ ಕೆಂಪು ಎಷ್ಟಿದೆ ಎಂದು ನೋಡಬೇಡಿ. ನಿದ್ದೆ ಕಡಿಮೆಯಾದರೂ ಕಣ್ಣು ಕೆಂಪಾಗುತ್ತದೆ. ತುದಿ ಎಲ್ಲಿದೆ, ಕಣ್ಣಪಾಪೆಯ ಅಂಚಿಗೆ ಇನ್ನೆಷ್ಟು ಜಾಗ ಉಳಿದಿದೆ ಎಂದು ನೋಡಿ. ಕಾರ್ನಿಯಾದ ಅಗಲ ಸುಮಾರು 12 ಮಿಲಿಮೀಟರ್ ಅಷ್ಟೇ. ಗಡಿಯಿಂದ 3 ಮಿಲಿಮೀಟರ್ ಒಳಗೆ ಬಂದಿದೆ ಅಂದರೆ ಪಾಪೆಗೆ ಬಹಳ ಹತ್ತಿರ ಬಂದಂತೆಯೇ.

ಹೆಜ್ಜೆ 3: ಡಾಕ್ಟರ ಹತ್ತಿರ ಏನು ಕೇಳಬೇಕು

ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸುತ್ತಾರೆ. ಬೆಳವಣಿಗೆ ಎಷ್ಟು ಮಿಲಿಮೀಟರ್ ಒಳಗೆ ಬಂದಿದೆ ಎಂದು ಅಳೆಯಲು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಡಾಕ್ಟರು ನೋಡಿದರೂ ಆ ಅಂಕಿ ನಿಮ್ಮ ಕೈಯಲ್ಲಿ ಇರುತ್ತದೆ.

ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಇಲ್ಲದಾಗ ಕನ್ನಡಕಕ್ಕೆ ಬೇಕಾಗುವ ನಂಬರ್, ಎಷ್ಟು ಎಂದು ಕೇಳಲೇಬೇಕು. ಈ ಮಾಂಸ ಪಾಪೆಯನ್ನು ಮುಟ್ಟುವ ಮೊದಲೇ ದೃಷ್ಟಿ ಕೆಡಿಸಬಲ್ಲದು. ಅದು ಕಾರ್ನಿಯಾದ ಆಕಾರವನ್ನೇ ಬದಲಿಸಿ, ಅಡ್ಡ ದಿಕ್ಕಿನಲ್ಲಿ ಚಪ್ಪಟೆ ಮಾಡುತ್ತದೆ. ಅಕ್ಷರಗಳಿಗೆ ನೆರಳು ಬಂದಂತೆ ಕಾಣುವುದು, ಕನ್ನಡಕ ಬದಲಿಸಿ ಸ್ವಲ್ಪ ದಿನಕ್ಕೇ ಮತ್ತೆ ಮಂಜಾಗುವುದು ಇದರಿಂದಲೇ ಇರಬಹುದು. ಒಂದೇ ಕಣ್ಣಿನ ಸಿಲಿಂಡರ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಮಾಂಸ ಬೆಳೆಯುತ್ತಿದೆ ಎಂಬ ಸುಳಿವು. ಹಳೆಯ ಕನ್ನಡಕದ ಚೀಟಿಗಳಿದ್ದರೆ ತೆಗೆದುಕೊಂಡು ಹೋಗಿ.

ಇನ್ನೊಂದು ಕೇಳಬೇಕಾದದ್ದು, ಬೆಳವಣಿಗೆ ತೆಳುವೋ ದಪ್ಪವೋ ಎಂದು. ಅದರ ಕೆಳಗಿನ ರಕ್ತನಾಳಗಳು ಸ್ಪಷ್ಟವಾಗಿ ಕಾಣುವಷ್ಟು ತೆಳುವಾಗಿದ್ದರೆ ಅದು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ದಪ್ಪ, ಮಾಂಸಲ, ಕೆಂಪು ಇದ್ದರೆ ತೆಗೆದ ಮೇಲೂ ಮರಳಿ ಬರುವ ಸಂಭವ ಜಾಸ್ತಿ.

ಹೆಜ್ಜೆ 4: ಡ್ರಾಪ್ಸ್ ವಿಷಯದಲ್ಲಿ ಎಚ್ಚರ

ಮೊದಲೇ ಹೇಳಿಬಿಡುತ್ತೇನೆ, ಈ ಮಾಂಸವನ್ನು ಕರಗಿಸುವ ಡ್ರಾಪ್ಸ್ ಇಲ್ಲ. ಹಾಗೆ ಹೇಳಿ ಯಾರಾದರೂ ಮಾರಿದರೆ ಕೊಳ್ಳಬೇಡಿ. ಡ್ರಾಪ್ಸ್ ಮಾಡುವುದು ಉರಿ, ಕೆರೆತ, ಕಸ ಬಿದ್ದ ಹಾಗೆ ಚುಚ್ಚುವುದನ್ನು ಕಡಿಮೆ ಮಾಡುವ ಕೆಲಸ ಮಾತ್ರ.

ಹೆಚ್ಚಿನವರಿಗೆ ಕಣ್ಣು ಒಣಗದಂತೆ ನೋಡಿಕೊಳ್ಳುವ ಕೃತಕ ಕಣ್ಣೀರಿನ ಡ್ರಾಪ್ಸ್ ಸಾಕು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಅದೇ ಕಣ್ಣನ್ನು ಕೆರಳಿಸುತ್ತದೆ.

ಕಣ್ಣು ಬೆಳ್ಳಗೆ ಮಾಡುವ ಡ್ರಾಪ್ಸ್ ಎಂದು ಸಿಗುವವು ರಕ್ತನಾಳಗಳನ್ನು ಕುಗ್ಗಿಸುತ್ತವೆ. ಹಾಕಿದ ಕೆಲವು ತಾಸು ಕಣ್ಣು ಚೆನ್ನಾಗಿ ಕಾಣುತ್ತದೆ. ದಿನಾ ಹಾಕುತ್ತಾ ಹೋದರೆ, ಬಿಟ್ಟಾಗ ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಮದುವೆ, ಫೋಟೋ ಎಂದು ಒಂದು ದಿನಕ್ಕೆ ಡಾಕ್ಟರನ್ನು ಕೇಳಿ ಹಾಕುವುದು ಬೇರೆ, ಅಭ್ಯಾಸ ಮಾಡಿಕೊಳ್ಳುವುದು ಬೇರೆ.

ಸ್ಟೆರಾಯ್ಡ್ ಡ್ರಾಪ್ಸ್ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಕಣ್ಣು ತುಂಬಾ ಕೆರಳಿದಾಗ ಡಾಕ್ಟರು ಕೆಲವು ದಿನಗಳಿಗೆ ಬರೆದುಕೊಡುತ್ತಾರೆ, ಅದು ಸರಿ. ಅದರಿಂದ ಆರಾಮ ಸಿಕ್ಕಿತೆಂದು ಹಳೆಯ ಚೀಟಿ ಹಿಡಿದು ಮತ್ತೆ ಮತ್ತೆ ತರುವುದು ಅಪಾಯ. ಕಣ್ಣಿನ ಒಳಗಿನ ಒತ್ತಡ ಏರಿ, ದೃಷ್ಟಿಯ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಕ್ಯಾಟರಾಕ್ಟ್ ಬೇಗ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ ದೃಷ್ಟಿ ತೆಗೆಯದ ಒಂದು ಬೆಳವಣಿಗೆಗಾಗಿ ದೃಷ್ಟಿಯನ್ನೇ ಕಳೆದುಕೊಳ್ಳುವುದು ಬೇಡ ಅಲ್ವಾ?

ಮನೆಯಲ್ಲಿ ಮಾಡಿದ ರಸ, ಎಣ್ಣೆ, ಪುಡಿ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಸೋಂಕು ತಗುಲಿದರೆ ಕಾರ್ನಿಯಾದಲ್ಲಿ ಹುಣ್ಣಾಗಿ, ಮಾಯದ ಕಲೆ ಉಳಿಯುತ್ತದೆ.

ಹೆಜ್ಜೆ 5: ಬಿಸಿಲು ತಡೆಯಿರಿ

ಬೆಳೆದದ್ದು ಇದರಿಂದ ಕುಗ್ಗುವುದಿಲ್ಲ. ಮುಂದೆ ಬೆಳೆಯುವುದನ್ನು ನಿಧಾನಿಸಲು, ಆಪರೇಷನ್ ಆದವರಿಗೆ ಮರಳಿ ಬರುವುದನ್ನು ತಪ್ಪಿಸಲು, ಇನ್ನೊಂದು ಕಣ್ಣನ್ನು ಕಾಪಾಡಲು ನಮ್ಮ ಕೈಯಲ್ಲಿ ಇರುವುದು ಇದೇ.

ಕೂಲಿಂಗ್ ಗ್ಲಾಸ್ ಕೊಳ್ಳುವಾಗ ಬಣ್ಣ ಎಷ್ಟು ಕಪ್ಪಿದೆ ಎಂದು ನೋಡಬೇಡಿ. ಯುವಿ 400 ಅಥವಾ 100 ಪರ್ಸೆಂಟ್ ಯುವಿ ರಕ್ಷಣೆ ಎಂದು ಬರೆದಿದೆಯಾ ನೋಡಿ. ಬಣ್ಣ ಮಾತ್ರ ಕಪ್ಪಾಗಿದ್ದು ಯುವಿ ತಡೆಯದ ಗಾಜು ಹಾಕದೇ ಇರುವುದಕ್ಕಿಂತ ಕೆಟ್ಟದ್ದಾಗಬಹುದು, ಏಕೆಂದರೆ ಕತ್ತಲೆಗೆ ಪಾಪೆ ಅಗಲವಾಗಿ ಒಳಗೆ ಕಿರಣ ಜಾಸ್ತಿ ಹೋಗುತ್ತದೆ. ಬಣ್ಣವಿಲ್ಲದ ನಂಬರ್ ಕನ್ನಡಕಕ್ಕೂ ಯುವಿ ತಡೆಯುವ ಗುಣ ಇರಬಹುದು. ಕನ್ನಡಕದ ಅಂಗಡಿಯಲ್ಲಿ ಯಂತ್ರವಿದ್ದರೆ ಪರೀಕ್ಷಿಸಿ ಹೇಳುತ್ತಾರೆ.

ಆಕಾರವೂ ಅಷ್ಟೇ ಮುಖ್ಯ. ಓರೆಯಾಗಿ ಬರುವ ಬೆಳಕೇ ಮೂಗಿನ ಕಡೆ ಕೂಡುತ್ತದೆ ಎಂದು ಮೇಲೆ ಹೇಳಿದೆನಲ್ಲ. ಮುಂದೆ ಮಾತ್ರ ಗಾಜಿದ್ದು ಬದಿ ತೆರೆದಿರುವ ಕನ್ನಡಕ ಆ ಬೆಳಕನ್ನು ಬಿಟ್ಟುಬಿಡುತ್ತದೆ. ಮುಖಕ್ಕೆ ಹೊಂದಿಕೊಂಡು ಕಣ್ಣಿನ ಬದಿಯವರೆಗೂ ಸುತ್ತಿಬರುವ ಫ್ರೇಮ್ ಆರಿಸಿ. ಅದು ಗಾಳಿ, ಧೂಳನ್ನೂ ತಡೆಯುತ್ತದೆ. ಬೈಕ್ ಓಡಿಸುವವರು ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಳ್ಳಿ. ಇದರ ಜೊತೆ ಸುತ್ತಲೂ ಅಂಚಿರುವ ಟೋಪಿ ಇರಲಿ. ಮೋಡವಿದ್ದ ದಿನ ಬೇಡ ಎಂದುಕೊಳ್ಳಬೇಡಿ, ತೆಳು ಮೋಡವನ್ನು ದಾಟಿ ಈ ಕಿರಣಗಳು ಬರುತ್ತವೆ. ನೀರು, ಮರಳು, ಹಿಮ ಅವನ್ನು ಕೆಳಗಿನಿಂದ ಹಿಂದಕ್ಕೆ ಕಳಿಸುತ್ತವೆ. ಟೋಪಿ ಒಂದೇ ಅಲ್ಲಿ ಸಾಲದು.

ಹೆಜ್ಜೆ 6: ಆಪರೇಷನ್ ಬೇಕಾ?

ಪಾಪೆಯ ಕಡೆ ಸಾಗುತ್ತಲೇ ಇದೆ ಎಂದು ಫೋಟೋ ಮತ್ತು ಅಳತೆ ಎರಡೂ ಹೇಳಿದರೆ ಬೇಕು. ಸಿಲಿಂಡರ್ ಏರಿ ದೃಷ್ಟಿ ಮಂಜಾಗುತ್ತಿದ್ದರೆ ಬೇಕು. ಕಣ್ಣು ಪಕ್ಕಕ್ಕೆ ತಿರುಗಿಸಲು ಎಳೆದಂತಾಗಿ, ಒಂದು ವಸ್ತು ಎರಡಾಗಿ ಕಂಡರೆ ಬೇಕು. ಡ್ರಾಪ್ಸ್ ಹಾಕಿದರೂ ಬಿಡದೆ ಕೆಂಪು, ಉರಿ ಇದ್ದು ದಿನದ ಕೆಲಸವೇ ಕಷ್ಟವಾದರೂ ಯೋಚಿಸಬಹುದು. ಕ್ಯಾನ್ಸರ್ ಅನುಮಾನವಿದ್ದರಂತೂ ತಡಮಾಡುವಂತಿಲ್ಲ.

ನೋಡಲು ಚೆನ್ನಾಗಿಲ್ಲ ಎನ್ನುವುದೂ ಒಂದು ಕಾರಣವೇ. ಎದುರಿಗಿದ್ದವರು ಪ್ರತಿ ಸಲ ‘ಕಣ್ಣೇಕೆ ಕೆಂಪು’ ಎಂದು ಕೇಳುವ ಕಿರಿಕಿರಿಯನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ವಯಸ್ಸು ಚಿಕ್ಕದಿದ್ದಷ್ಟೂ ಮರಳಿ ಬರುವ ಸಂಭವ ಹೆಚ್ಚು. ಮರಳಿ ಬಂದದ್ದು ಮೊದಲಿಗಿಂತ ದಪ್ಪವಾಗಿ, ಜೋರಾಗಿ ಬೆಳೆಯಬಹುದು. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ. ಇದನ್ನು ತಿಳಿದುಕೊಂಡು ತೀರ್ಮಾನ ಮಾಡಿ. ಹಾಗೆಂದು ಪಾಪೆ ಮುಚ್ಚುವವರೆಗೆ ಕಾಯುವುದೂ ತಪ್ಪು. ಮಾಂಸ ಕೂತಿದ್ದ ಜಾಗದಲ್ಲಿ ಕಾರ್ನಿಯಾಗೆ ಕಲೆ ಉಳಿಯಬಹುದು. ಅದು ಪಾಪೆಯ ಮುಂದೆಯೇ ಉಳಿದರೆ ಆಪರೇಷನ್ ಆದರೂ ದೃಷ್ಟಿ ಪೂರ್ತಿ ತಿಳಿಯಾಗುವುದಿಲ್ಲ.

ಕ್ಯಾಟರಾಕ್ಟ್ ಕೂಡ ಇರುವವರು ಯಾವುದು ಮೊದಲು ಎಂದು ಕೇಳಿ. ಕ್ಯಾಟರಾಕ್ಟ್‌ನಲ್ಲಿ ಹಾಕುವ ಲೆನ್ಸಿನ ಪವರನ್ನು ಕಾರ್ನಿಯಾದ ಆಕಾರ ಅಳೆದು ಲೆಕ್ಕ ಹಾಕುತ್ತಾರೆ. ಮಾಂಸ ಆ ಆಕಾರವನ್ನು ಕೆಡಿಸಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಬೆಳವಣಿಗೆ ದೊಡ್ಡದಿದ್ದಾಗ ಮೊದಲು ಅದನ್ನು ತೆಗೆದು, ಕೆಲವು ತಿಂಗಳಲ್ಲಿ ಕಾರ್ನಿಯಾ ಸ್ಥಿರವಾದ ಮೇಲೆ ಅಳತೆ ಮಾಡುವುದು ವಾಡಿಕೆ.

ಹೆಜ್ಜೆ 7: ಯಾವ ವಿಧಾನ ಎಂದು ಕೇಳಿ

ಹಿಂದೆ ಮಾಂಸವನ್ನು ಕತ್ತರಿಸಿ, ಬಿಳಿಗುಡ್ಡೆಯನ್ನು ಹಾಗೇ ತೆರೆದು ಬಿಡುತ್ತಿದ್ದರು. ಸುಲಭ, ಬೇಗ ಮುಗಿಯುತ್ತದೆ. ಆದರೆ ಖಾಲಿ ಬಿಟ್ಟ ಜಾಗವನ್ನು ಪೊರೆ ಮತ್ತೆ ಆಕ್ರಮಿಸುತ್ತದೆ. ಹೀಗೆ ಮಾಡಿದಾಗ ಮರಳಿ ಬರುವ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ 100ಕ್ಕೆ 24ರಿಂದ 89ರವರೆಗೂ ಇದೆ. ಬರೀ ಕತ್ತರಿಸಿ ಬಿಡುತ್ತೇವೆ ಎಂದರೆ ನಾನಾದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುತ್ತೇನೆ.

ಈಗ ಹೆಚ್ಚು ಮೆಚ್ಚುವ ವಿಧಾನ, ಅದೇ ಕಣ್ಣಿನ ಮೇಲಿನ ರೆಪ್ಪೆಯ ಕೆಳಗಿರುವ ಆರೋಗ್ಯವಂತ ಪೊರೆಯ ತೆಳು ತುಂಡನ್ನು ತೆಗೆದು ಖಾಲಿ ಜಾಗಕ್ಕೆ ಹೊದಿಸುವುದು. ಅಮೆರಿಕದ ಕೆನೆತ್ ಕೆನ್ಯನ್ ಮತ್ತು ಸಂಗಡಿಗರು 1985ರಲ್ಲಿ ಇದರ ಫಲಿತಾಂಶ ಪ್ರಕಟಿಸಿದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಚೆನ್ನಾಗಿ ಮಾಡಿದಾಗ ಮರಳಿ ಬರುವ ಸಂಭವ ತುಂಬಾ ತಗ್ಗುತ್ತದೆ. ತುಂಡು ತೆಗೆದ ಜಾಗ ತಾನಾಗಿ ಮಾಯುತ್ತದೆ, ರೆಪ್ಪೆಯ ಮರೆಯಲ್ಲಿರುವುದರಿಂದ ಕಾಣುವುದೂ ಇಲ್ಲ.

ಆ ತುಂಡನ್ನು ಹೊಲಿಗೆಯಿಂದ ಕೂರಿಸಬಹುದು, ಫೈಬ್ರಿನ್ ಎಂಬ ಅಂಟಿನಿಂದಲೂ ಕೂರಿಸಬಹುದು. ಅಂಟಾದರೆ ಆಪರೇಷನ್ ಬೇಗ ಮುಗಿಯುತ್ತದೆ, ಆಮೇಲೆ ಚುಚ್ಚುವುದೂ ಕಡಿಮೆ. ಇದನ್ನು ದಾನಿಗಳ ರಕ್ತದ ಪ್ರೋಟೀನಿನಿಂದ ಮಾಡುತ್ತಾರೆ. ಬೇಡ ಎನ್ನುವವರಿಗೆ ಅವರದೇ ರಕ್ತ ಹೆಪ್ಪುಗಟ್ಟಿಸಿ ಅಂಟಿಸುವ ಕ್ರಮವೂ ಇದೆ.

ಗ್ಲಾಕೋಮಾ ಇರುವವರು ಅದನ್ನು ಮೊದಲೇ ಹೇಳಬೇಕು. ಮುಂದೆ ಗ್ಲಾಕೋಮಾ ಆಪರೇಷನ್ನಿಗೆ ಮೇಲಿನ ಪೊರೆ ಬೇಕಾಗುವುದರಿಂದ ಅದನ್ನು ಉಳಿಸಿ, ಬೇರೆ ಜಾಗದಿಂದ ತುಂಡು ತೆಗೆಯುತ್ತಾರೆ, ಇಲ್ಲವೇ ಗರ್ಭದ ಚೀಲದಿಂದ ಪಡೆದ ಆಮ್ನಿಯಾಟಿಕ್ ಪೊರೆ ಹಾಕುತ್ತಾರೆ. ಮರಳಿ ಬಂದ ಕೇಸುಗಳಲ್ಲಿ ಮೈಟೊಮೈಸಿನ್ ಎಂಬ ಔಷಧವನ್ನು ಸ್ವಲ್ಪ ಹೊತ್ತು ಹಚ್ಚಿ ತೊಳೆಯುವುದುಂಟು. ಅದು ಹೆಚ್ಚಾದರೆ ಬಿಳಿಗುಡ್ಡೆ ತೆಳುವಾಗುವ ಅಪಾಯವಿದೆ. ಹಾಗಾಗಿ ಯಾಕೆ, ಎಷ್ಟು ಹೊತ್ತು ಎಂದು ಕೇಳುವುದು ನಿಮ್ಮ ಹಕ್ಕು.

ತೆಗೆದ ಮಾಂಸವನ್ನು ಲ್ಯಾಬಿಗೆ ಕಳಿಸುತ್ತಾರಾ ಎಂದೂ ಕೇಳಿ. ಕಳಿಸಿದರೆ ರಿಪೋರ್ಟ್ ತಪ್ಪದೆ ಪಡೆದುಕೊಳ್ಳಿ.

ಹೆಜ್ಜೆ 8: ಆಪರೇಷನ್ ಆದ ಮೇಲೆ

ಸಾಮಾನ್ಯವಾಗಿ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಇರುತ್ತದೆ. ಕಾರ್ನಿಯಾದ ಮೇಲ್ಪದರ ಮಾಯುವವರೆಗೆ ಹೀಗೇ. ಆಮೇಲೆ ನೋವು ಇಳಿಯುತ್ತದೆ. ಹೊದಿಸಿದ ತುಂಡು ಊದಿ ಕೆಂಪಾಗಿ ಕಾಣುವುದು ವಾರಗಟ್ಟಲೆ ಇರಬಹುದು, ಅದನ್ನು ನೋಡಿ ಗಾಬರಿ ಬೇಡ.

ಕಣ್ಣು ಉಜ್ಜಬಾರದು. ಶುರುವಿನ ದಿನಗಳಲ್ಲಿ ಒಂದು ಸಲ ಜೋರಾಗಿ ಉಜ್ಜಿದರೂ ತುಂಡು ಜಾರಬಹುದು. ನಿದ್ದೆಯಲ್ಲಿ ಕೈ ಹೋಗದಂತೆ ರಾತ್ರಿ ಪ್ಲಾಸ್ಟಿಕ್ ಕವಚ ಹಾಕಿಕೊಳ್ಳಿ. ತಲೆಗೆ ಸ್ನಾನ, ಈಜು, ಧೂಳಿನ ಕೆಲಸ, ಭಾರ ಎತ್ತುವುದು ಎಲ್ಲಕ್ಕೂ ಡಾಕ್ಟರು ಹೇಳಿದ ದಿನದವರೆಗೆ ಕಾಯಿರಿ.

ಸ್ಟೆರಾಯ್ಡ್ ಡ್ರಾಪ್ಸ್ ಈಗ ಬೇಕೇ ಬೇಕು. ವಾರಗಳ ಕಾಲ ಹಾಕಿ ನಿಧಾನವಾಗಿ ಇಳಿಸುತ್ತಾರೆ. ಕಣ್ಣು ಬೆಳ್ಳಗಾಯಿತು ಎಂದು ನಡುವೆ ಬಿಟ್ಟರೆ ಉರಿಯೂತ ಮತ್ತೆ ಏಳುತ್ತದೆ, ಅದು ಮರಳಿ ಬೆಳೆಯಲು ದಾರಿ ಮಾಡುತ್ತದೆ. ಹೇಳಿದ್ದಕ್ಕಿಂತ ಜಾಸ್ತಿ ದಿನ ಹಾಕಿದರೆ ಒತ್ತಡ ಏರುತ್ತದೆ. ಆದ್ದರಿಂದ ಒತ್ತಡ ನೋಡಿಸುವ ಭೇಟಿಗಳನ್ನು ತಪ್ಪಿಸಬೇಡಿ.

ಇಳಿದ ನೋವು ಮತ್ತೆ ಏರಿದರೆ, ದೃಷ್ಟಿ ದಿಢೀರ್ ಕಡಿಮೆಯಾದರೆ, ಕೀವಿನಂಥ ಪಿಸುರು ಬಂದರೆ, ಹೊದಿಸಿದ ತುಂಡು ಜಾರಿದಂತೆ ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.

ಹೊಸ ಕನ್ನಡಕವನ್ನು ತಕ್ಷಣ ಮಾಡಿಸಬೇಡಿ. ಕಾರ್ನಿಯಾದ ಆಕಾರ ಸ್ಥಿರವಾಗಲು ಒಂದರಿಂದ ಮೂರು ತಿಂಗಳು ಬೇಕು, ಆಮೇಲೆ ಪರೀಕ್ಷೆ ಮಾಡಿಸಿ. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ವರ್ಷದೊಳಗೇ ಸುಳಿವು ಕೊಡುತ್ತದೆ. ಆ ವರ್ಷ ತಿಂಗಳಿಗೊಂದು ಫೋಟೋ ತೆಗೆಸಿ. ಗಡಿ ದಾಟಿ ಹೊಸ ರಕ್ತನಾಳ ಬರುತ್ತಿರುವಂತೆ ಕಂಡರೆ ಫೋಟೋ ಹಿಡಿದು ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ. ಶುರುವಿನಲ್ಲೇ ಸಿಕ್ಕರೆ ಡ್ರಾಪ್ಸ್ ಅಥವಾ ಇಂಜೆಕ್ಷನ್‌ನಿಂದ ತಡೆಯಲು ಪ್ರಯತ್ನಿಸುವ ಅವಕಾಶ ಇರುತ್ತದೆ.